ಹಿಟ್ಟಿನ ಹದ ನಿಮ್ಮೊಬ್ಬರ ಕೈಯಲ್ಲೇ ಏಕಿರಬೇಕು?

ಪ್ರಶ್ನೆ: ಉಡುಪಿ ಜಿಲ್ಲೆಯ ಕಟಪಾಡಿ ಸಮೀಪ ನಮ್ಮ ಮನೆ. ಆರು ವರ್ಷಗಳ ಹಿಂದೆ ಹಿತ್ತಿಲ ಕೋಣೆಯಲ್ಲಿ ಚಕ್ಕುಲಿ, ಹಲಸಿನ ಹಪ್ಪಳ ಮಾಡಿ ಮಾರಲು ಆರಂಭಿಸಿದೆ. ಈಗ ಎಂಟು ಮಂದಿ ಹೆಂಗಸರು ಕೆಲಸಕ್ಕಿದ್ದಾರೆ. ಆದರೂ ಹಿಟ್ಟಿನ ಹದ ನಾನೇ ನೋಡಬೇಕು, ಬೇರೆಯವರಿಗೆ ಬರುವುದಿಲ್ಲ. ಮಗಳಿಗೆ ಏಳು ವರ್ಷ, ಮಗನಿಗೆ ಎರಡೂವರೆ. ಮಂಗಳೂರಿನ ಅಂಗಡಿಯೊಂದು ಈ ಕೃಷ್ಣಾಷ್ಟಮಿಗೆ ಕಳೆದ ವರ್ಷದ ದುಪ್ಪಟ್ಟು ಮಾಲು ಕೇಳಿದೆ. ಮೊನ್ನೆ ಮಳೆ ರಜೆಯ ದಿನ ಮಗಳು ತಮ್ಮನನ್ನು ಕೂರಿಸಿಕೊಂಡು ಅಮ್ಮನ ಆಟ ಆಡುತ್ತಿದ್ದಳು. ಪೆನ್ಸಿಲ್ ಡಬ್ಬಿಯನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ‘ಸ್ವಲ್ಪ ಇರು ಪುಟ್ಟ, ಫೋನಿನಲ್ಲಿದ್ದೇನೆ’ ಎನ್ನುತ್ತಿದ್ದಳು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ‘ಮಕ್ಕಳ ಬಾಲ್ಯ ಮತ್ತೆ ಬರುವುದಿಲ್ಲ’ ಎನ್ನುತ್ತಾರೆ ಅತ್ತೆ. ಬ್ಯಾಂಕಿನಲ್ಲಿರುವ ಗಂಡ ‘ಕಷ್ಟವಾದರೆ ನಿಲ್ಲಿಸು, ನನ್ನ ಸಂಬಳ ಸಾಕು’ ಎನ್ನುತ್ತಾರೆ. ಮಗ ಶಾಲೆಗೆ ಸೇರುವವರೆಗೆ ಎಲ್ಲವನ್ನೂ ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ಆದರೆ ಆ ದುಪ್ಪಟ್ಟು ಆರ್ಡರನ್ನೂ ಒಪ್ಪಿಕೊಳ್ಳಬೇಡಿ.

ಪೆನ್ಸಿಲ್ ಡಬ್ಬಿಯ ಸಂಗತಿ ಓದಿ ನನಗೂ ಗಂಟಲು ಕಟ್ಟಿತು. ಮಕ್ಕಳಾಟ ಎಂದು ಅದನ್ನು ತಳ್ಳಿಹಾಕಲಾರೆ. ಮಗಳು ದೂರು ಹೇಳಲಿಲ್ಲ, ದಿನವೂ ಕಾಣುವುದನ್ನು ಆಡಿ ತೋರಿಸಿದಳು. ಆ ಆಟದಲ್ಲಿ ಒಲೆ ಇರಲಿಲ್ಲ, ಎಂಟು ಹೆಂಗಸರಿರಲಿಲ್ಲ. ಇದ್ದದ್ದು ಫೋನು ಮಾತ್ರ. ಮೊದಲು ಸರಿಪಡಿಸಬೇಕಾದದ್ದೂ ಅದನ್ನೇ.

ನನ್ನ ತಾಯಿ ಬೀಡಿ ಕಟ್ಟುತ್ತಿದ್ದರು. ನಮ್ಮ ಕಡೆ ಆಗ ಮನೆಮನೆಯಲ್ಲೂ ಅದೇ ಕೆಲಸ. ತೊಡೆಯ ಮೇಲೆ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಸಾವಿರದ ಲೆಕ್ಕ ತುಂಬುವವರೆಗೆ ಅವರು ತಲೆ ಎತ್ತುತ್ತಿರಲಿಲ್ಲ. ನಾವು ಪಕ್ಕದಲ್ಲೇ ಹೊರಳಾಡಿಕೊಂಡಿದ್ದರೂ ನಮ್ಮ ಕಡೆ ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ಹಾಗೆಂದು ಮಕ್ಕಳನ್ನು ಕಡೆಗಣಿಸಿದ ತಾಯಿ ಎಂದು ಅವರನ್ನು ಯಾರೂ ಆಡಿಕೊಳ್ಳಲಿಲ್ಲ. ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದ ಮಲ್ಪೆಯ ಹೆಂಗಸರನ್ನೂ ಆಡಿಕೊಳ್ಳಲಿಲ್ಲ. ಹೊಟ್ಟೆಪಾಡಿಗೆ ದುಡಿದರೆ ತ್ಯಾಗ, ಬೆಳೆಯಬೇಕೆಂದು ದುಡಿದರೆ ದುರಾಸೆ ಎಂಬ ಲೆಕ್ಕ ಎಲ್ಲಿಂದ ಬಂತೋ! ಅದರ ಮೇಲೆ ನನಗೆ ಸಿಟ್ಟಿದೆ.

ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಮೇಲೆ ಅಮ್ಮ ಮೆಟ್ಟಿಲ ಮೇಲೆ ಕುಳಿತು ನನ್ನ ತಲೆ ಬಾಚುತ್ತಿದ್ದರು. ಬೆರಳುಗಳಿಗೆ ಹೊಗೆಸೊಪ್ಪಿನ ಘಾಟು. ಅಷ್ಟು ಹೊತ್ತು ಅಂಗಳದಿಂದ ಯಾರು ಕರೆದರೂ ‘ಮತ್ತೆ ಬನ್ನಿ’ ಎನ್ನುತ್ತಿದ್ದರು. ಬಾಲ್ಯದ ಅಮ್ಮ ಎಂದರೆ ನನಗೆ ಇಂದಿಗೂ ಆ ಅರ್ಧ ಗಂಟೆಯೇ ನೆನಪಾಗುತ್ತದೆ. ನೀವೂ ಸಂಜೆ ಏಳರಿಂದ ಎಂಟೂವರೆಯವರೆಗೆ ಫೋನನ್ನು ಗಂಡನ ಕೈಗೆ ಕೊಡಿ. ದಿನವಿಡೀ ಗ್ರಾಹಕರೊಡನೆ ಮಾತನಾಡುವವರಿಗೆ ನಾಲ್ಕು ಆರ್ಡರ್ ಬರೆದುಕೊಳ್ಳುವುದು ಭಾರವಾಗದು.

‘ಕಷ್ಟವಾದರೆ ನಿಲ್ಲಿಸು’ ಎಂಬ ಮಾತನ್ನು ಅವರು ಪ್ರೀತಿಯಿಂದಲೇ ಹೇಳಿರಬಹುದು. ಆದರೆ ಮಕ್ಕಳ ಹೊಣೆ ನಿಮ್ಮೊಬ್ಬರದೇ ಎಂಬ ತೀರ್ಮಾನ ಅದರೊಳಗೆ ಅಡಗಿದೆ. ಶಾಲೆಗೆ ಮಳೆ ರಜೆ ಎಂದು ಸುದ್ದಿ ಬಂದ ಬೆಳಿಗ್ಗೆ ಅವರು ಒಮ್ಮೆಯಾದರೂ ಬ್ಯಾಂಕಿಗೆ ರಜೆ ಹಾಕಿದ್ದುಂಟೇ? ಕೇಳಿ ನೋಡಿ, ಜಗಳದ ಧಾಟಿಯಲ್ಲಿ ಬೇಡ. ಮಗನನ್ನು ನೋಡಿಕೊಳ್ಳಲು ನೆರೆಯ ಹೆಂಗಸೊಬ್ಬರನ್ನು ಗೊತ್ತುಮಾಡಿಕೊಳ್ಳಿ, ಅವರ ಸಂಬಳ ಇಬ್ಬರ ದುಡಿಮೆಯಿಂದಲೂ ಹೋಗಲಿ. ಆಯಾಳ ಸಂಬಳವನ್ನು ತಾಯಿಯ ಲಾಭದಿಂದ ಮಾತ್ರ ಕಳೆದು, ‘ಇಷ್ಟು ಉಳಿಯುವುದಕ್ಕೆ ಏಕೆ ದುಡಿಯಬೇಕು’ ಎಂದು ಕೇಳುವ ಮನೆಗಳನ್ನು ಬಹಳ ನೋಡಿದ್ದೇನೆ. ಮೂರು ತುಂಬಿದ ಮೇಲೆ ಅಂಗನವಾಡಿಯಿದೆ. ಇನ್ನು ಆರು ತಿಂಗಳ ಮಾತು. ಅತ್ತೆಯವರೊಡನೆ ವಾದ ಬೇಡ. ಈಗ ಹಗಲೆಲ್ಲ ಪುಟ್ಟ ಹುಡುಗನ ಹಿಂದೆ ಓಡುತ್ತಿರುವವರು ಅವರೇ ಆಗಿದ್ದರೆ, ಆ ಮಾತಿನಲ್ಲಿ ಅವರ ದಣಿವೂ ಇದ್ದೀತು.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ಬಳಿಕ, ಅದರ ವ್ಯಾಪ್ತಿಗೆ ಬರುವ ನೌಕರಿಯಲ್ಲಿರುವ ತಾಯಂದಿರಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತದೆ. ಸ್ವಂತ ಉದ್ಯಮ ಕಟ್ಟಿದವಳಿಗೆ ಅದಿಲ್ಲ. ಮಗ ಹುಟ್ಟಿದ ಎಷ್ಟನೇ ದಿನಕ್ಕೆ ಎದ್ದು ಬಂದು ಹಿಟ್ಟು ಮುಟ್ಟಿದಿರೋ, ಊಹಿಸಬಲ್ಲೆ. ನಿಮ್ಮ ರಜೆಯನ್ನು ನೀವೇ ಸಂಪಾದಿಸಿಕೊಳ್ಳಬೇಕು. ಅದಕ್ಕೆ ನೀವಿಲ್ಲದ ದಿನವೂ ಕೆಲಸ ಸಾಗುವಂತಿರಬೇಕು.

ಹದ ಬೇರೆಯವರಿಗೆ ಬರುವುದಿಲ್ಲ ಎಂದಿದ್ದೀರಿ. ಒತ್ತುವಾಗ ಎಳೆ ತುಂಡುತುಂಡಾದರೆ ಹಿಟ್ಟು ಒಣಗಿದೆ, ಕರಿದ ಮೇಲೂ ಮೆತ್ತಗೆ ಉಳಿದು ಎಣ್ಣೆ ಕುಡಿದರೆ ನೀರು ಹೆಚ್ಚಾಗಿದೆ ಎಂದು ನಿಮಗೂ ಯಾರೋ ಕಲಿಸಿದವರಿದ್ದರಲ್ಲವೇ? ಎಂಟು ಮಂದಿಯಲ್ಲಿ ಕೈ ಚುರುಕಾದ ಇಬ್ಬರನ್ನು ಆರಿಸಿ. ಅಕ್ಕಿ ಹಿಟ್ಟು, ಉದ್ದು, ಬೆಣ್ಣೆ, ಉಪ್ಪು, ನೀರು, ಎಲ್ಲವನ್ನೂ ತೂಗಿ ಬರೆದು ಗೋಡೆಗೆ ಅಂಟಿಸಿ. ಮೊದಲ ಹತ್ತು ದಿನ ಒಂದಷ್ಟು ಮಾಲು ಕೆಡುತ್ತದೆ, ಕೆಡಲಿ. ಆಗ ಕೈ ಹಾಕಲು ನಿಮ್ಮ ಬೆರಳು ತುರಿಸುತ್ತದೆ, ಹಾಕಬೇಡಿ. ಆ ಇಬ್ಬರಿಗೆ ಸಂಬಳ ಹೆಚ್ಚಿಸಿ. ಗುಟ್ಟು ಹೊರಗೆ ಹೋದೀತೆಂಬ ಅಂಜಿಕೆಯೇ? ಉಡುಪಿಯಲ್ಲಿ ಚಕ್ಕುಲಿ ಮಾಡಲು ಬಾರದ ಮನೆ ಯಾವುದಿದೆ? ಜನ ನಿಮ್ಮಲ್ಲಿಗೆ ಬರುವುದು ಪ್ರತಿ ಸಲವೂ ಅದೇ ರುಚಿ ಸಿಗುತ್ತದೆಂದು. ಆ ರುಚಿಯನ್ನು ಇಬ್ಬರು ಕಾಯಬಲ್ಲರು.

ಇದೆಲ್ಲ ಕುದುರಲು ಎರಡು ತಿಂಗಳಾದರೂ ಬೇಕು. ಅದಕ್ಕೇ ಅಷ್ಟಮಿಗೆ ಕಳೆದ ವರ್ಷದಷ್ಟೇ ಮಾಲು, ಹೆಚ್ಚಿನದನ್ನು ದೀಪಾವಳಿಗೆ ಕೊಡುತ್ತೇನೆ ಎಂದು ಅಂಗಡಿಯವರಿಗೆ ಹೇಳಿ. ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ಎದುರಿಗೆ ಬಂದಾಗ ಕೈಚೆಲ್ಲುವುದಕ್ಕಿಂತ ಅವರಿಗೂ ಅದೇ ಮೇಲು. ಈ ವಾರವೇ ಹೇಳಿ, ಉಳಿದ ಮಾಲಿಗೆ ಅವರು ಬೇರೆ ಕಡೆ ವಿಚಾರಿಸಿಕೊಳ್ಳಬೇಕಲ್ಲ.