ಫಾರ್ಮಾಲ್ಡಿಹೈಡ್ ಹಾಕಿದ ಮೇಲೆ ಕುಣಿತ ಎಲ್ಲಿಂದ ಬಂತು?

ಮೂಡಿಗೆರೆಯಿಂದ ನೀವು ಕಳಿಸಿದ ‘ಕ್ರೊಮ್ಯಾಟಿನ್ ಕುಣಿತ’ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಸುಮಾರು 2 ಮೀಟರ್ ಡಿಎನ್‌ಎ ಪ್ರೋಟೀನ್‌ಗಳಿಗೆ ಸುತ್ತಿಕೊಂಡು, ಕ್ರೊಮ್ಯಾಟಿನ್ ಆಗಿ, ಒಂದು ಕೋಶಕೇಂದ್ರದೊಳಗೆ ಹಿಡಿಸುವ ಕಥೆ ಹಾಗೇ ಇರಲಿ. ಆದರೆ ಮೂರನೇ ಪ್ಯಾರಾ ಓದಿ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ನಿಮ್ಮ ಸಾಲು ಇದು: “ಹೈ-ಸಿ ತಂತ್ರದಿಂದ ಕ್ರೊಮ್ಯಾಟಿನ್ ಕುಣಿಯುವುದನ್ನು ವಿಜ್ಞಾನಿಗಳು ಕಣ್ಣಾರೆ ನೋಡುತ್ತಾರೆ.” ಯಾರು ನೋಡಿದರು? ಹೈ-ಸಿಯಲ್ಲಿ ಮೊದಲು ಮಾಡುವ ಕೆಲಸವೇ ಫಾರ್ಮಾಲ್ಡಿಹೈಡ್ ಹಾಕಿ ಎಲ್ಲವನ್ನೂ ಇದ್ದಲ್ಲೇ ಬಿಗಿಯುವುದು. ಅಲ್ಲಿಗೆ ಕೋಶದ ಕಥೆ ಮುಗೀತು. ಆಮೇಲೆ ಡಿಎನ್‌ಎ ಕತ್ತರಿಸಿ, ಹತ್ತಿರ ಇದ್ದ ತುದಿಗಳನ್ನು ಅಂಟಿಸಿ, ಸೀಕ್ವೆನ್ಸ್ ಮಾಡುತ್ತಾರೆ, ಅಂದರೆ ಅದರ ಅಕ್ಷರಕ್ರಮ ಓದುತ್ತಾರೆ. ಯಾವ ತುಂಡು ಯಾವುದರ ಪಕ್ಕ ಇತ್ತು ಅನ್ನೋ ಲೆಕ್ಕ ಸಿಗುತ್ತದೆ. 2009ರ ಮೂಲ ವಿಧಾನದಲ್ಲಿ ಅದೂ ಲಕ್ಷಾಂತರ ಕೋಶಗಳನ್ನು ಸೇರಿಸಿದ ಲೆಕ್ಕ. ಒಂದೊಂದೇ ಕೋಶದ ಹೈ-ಸಿ 2013ರಲ್ಲಿ ಬಂತು, ಅಲ್ಲೂ ಕೋಶ ಬಿಗಿದದ್ದೇ. ಬೇಲೂರಿನ ತೇರಿನ ಸಾವಿರ ಫೋಟೋ ಒಂದರ ಮೇಲೊಂದು ಇಟ್ಟರೆ ಜನ ಎಲ್ಲಿ ಜಾಸ್ತಿ ಇದ್ದರು ಅಂತ ತಿಳಿಯುತ್ತದೆ. ತೇರು ಎಷ್ಟು ಜೋರಾಗಿ ಹೋಯಿತು ಅಂತ ತಿಳಿಯುತ್ತಾ?

ಮುಂದಿನ ಸಾಲು: “ಇದರಿಂದ ಜೀನ್‌ಗಳು ಕ್ಷಣಕ್ಷಣಕ್ಕೂ ತೆರೆದು ಮುಚ್ಚುವುದು ಕಾಣುತ್ತದೆ.” ತೆರೆದ ಜಾಗ ಹುಡುಕಲು ಇರುವುದು ಅಟ್ಯಾಕ್-ಸೀಕ್ ಅನ್ನೋ ಬೇರೆ ತಂತ್ರ, ಅದೂ 2013ರದ್ದೇ. ಟಿಎನ್5 ಅನ್ನೋ ಕಿಣ್ವ ನ್ಯೂಕ್ಲಿಯೋಸೋಮ್ (ಪ್ರೋಟೀನ್ ಉಂಡೆಗೆ ಸುತ್ತಿದ ಡಿಎನ್‌ಎ) ಅಡ್ಡ ಇಲ್ಲದ ಕಡೆ ನುಗ್ಗಿ ಡಿಎನ್‌ಎ ಕತ್ತರಿಸುತ್ತದೆ. ಅದಕ್ಕೂ ಕೋಶದ ಪೊರೆ ಒಡೆಯಲೇಬೇಕು, ಕ್ಷಣಕ್ಷಣದ ಮಾತೆಲ್ಲಿ ಬಂತು? ಜಾಗ ತೆರೆದಿದ್ದ ಮಾತ್ರಕ್ಕೆ ಜೀನ್ ಕೆಲಸ ಮಾಡ್ತಿದೆ ಅಂತಲೂ ಅಲ್ಲ. ಅದಕ್ಕೆ ಜೀನ್ ಕೆಲಸ ಮಾಡುವಾಗ ತಯಾರಾಗುವ ನಕಲು, ಅಂದರೆ ಆರ್‌ಎನ್‌ಎ, ಅಳೆಯಬೇಕು.

ಹಾಸನದ ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಪ್ರೂಫ್ ನೋಡುತ್ತಿದ್ದಾಗ ಅಲ್ಲಿನ ಸಂಪಾದಕರು ಯಾರ ಕಾಪಿ ಆದರೂ ಅಂಚಿನಲ್ಲಿ ಕೆಂಪು ಇಂಕಲ್ಲಿ ‘ಹೇಗೆ ಗೊತ್ತು?’ ಅಂತ ಗೀಚೋರು. ಆಲೂಗಡ್ಡೆ ರೇಟು ಬಿತ್ತು ಅಂತ ಬರೆದರೆ, ಯಾವ ಮಂಡಿ, ಹೇಳಿದ್ದು ಯಾರು, ಬೆಳಗಿನ ರೇಟಾ ಸಂಜೆಯದಾ ಅಂತ ಪ್ರಶ್ನೆ. ನಮಗೆಲ್ಲ ಮೈ ಉರಿಯುತ್ತಿತ್ತು. ಹಿರಿಯ ವರದಿಗಾರರೊಬ್ಬರು ಹಾಳೆ ಎಸೆದು ಕಾಫಿಗೆ ಹೊರಟೇಬಿಟ್ಟರು. ವಾಪಸ್ ಬಂದವರು ತೆಪ್ಪಗೆ ಮಂಡಿಗೆ ಫೋನ್ ಮಾಡಿದರು. ಆ ಕೆಂಪು ಇಂಕಿನ ಚಟ ನನಗೂ ಅಂಟಿದೆ, ನಿಮ್ಮ ಹಾಳೆ ನೋಡಿದರೆ ಗೊತ್ತಾಗುತ್ತೆ.

ಕುಣಿತವೇ ಬೇಕಾದರೆ ಅದಕ್ಕೆ ದಾರಿ ಇದೆ. ಕ್ಯಾಸ್9 ಅನ್ನೋದು ಡಿಎನ್‌ಎಯಲ್ಲಿ ಗೊತ್ತುಮಾಡಿದ ಜಾಗ ಹುಡುಕಿ ಕತ್ತರಿಸುವ ಪ್ರೋಟೀನ್. ಆ ಕತ್ತರಿಸುವ ಶಕ್ತಿ ತೆಗೆದು, ಅದಕ್ಕೆ ಹಸಿರಾಗಿ ಹೊಳೆಯುವ ಪ್ರೋಟೀನ್ ಜೋಡಿಸಿ, ಬದುಕಿರುವ ಕೋಶದಲ್ಲೇ ಕ್ರೋಮೋಸೋಮ್ ತುದಿಗಳು ಅಲ್ಲಾಡುವುದನ್ನು ಮೈಕ್ರೋಸ್ಕೋಪ್‌ನಲ್ಲಿ ಹಿಂಬಾಲಿಸಿದ್ದಾರೆ. ಅದೂ 2013ರಲ್ಲೇ. ಅಲ್ಲಿ ‘ನೋಡಿದರು’ ಅಂತ ಧಾರಾಳವಾಗಿ ಬರೆಯಿರಿ. ನಿಮ್ಮ ಆರು ಪುಟದಲ್ಲಿ ಇದರ ಸುದ್ದಿಯೇ ಇಲ್ಲವಲ್ಲ!

ಮೂರನೇ ಪ್ಯಾರಾ ಪೂರ್ತಿ ಮತ್ತೆ ಬರೆಯಿರಿ. ಪ್ರತಿ ತಂತ್ರದ ಜೊತೆ ಕೋಶ ಬದುಕಿತ್ತಾ, ಬಿಗಿದಿತ್ತಾ, ಒಂದೇ ಕೋಶವಾ, ರಾಶಿಯಾ ಅಂತ ಇರಲಿ. ಶೀರ್ಷಿಕೆಯ ‘ಕುಣಿತ’ ಉಳಿಯಬೇಕಾದರೆ ಕ್ಯಾಸ್9 ಭಾಗ ಬರಲೇಬೇಕು. ಯುಗಾದಿ ಸಂಚಿಕೆಯಲ್ಲಿ ನಾಲ್ಕು ಪುಟ ಬಿಟ್ಟಿರುತ್ತೇನೆ, ಆರು ಆಗಲ್ಲ.