ಕವಚ ಮಾಡಿದವಳಿಗೇ ಟಿಕೆಟ್ ಇಲ್ಲವೇ?

ಹುಬ್ಬಳ್ಳಿಯಿಂದ ಬಂದ ಈ ಪತ್ರ ಓದಿ ಸಿಟ್ಟು ಬಂತು. ಬರೆದವರು ಒಳ್ಳೆಯವರೇ, ಅದಕ್ಕೇ ಸಿಟ್ಟು ಜಾಸ್ತಿ.

ವಿಷಯ ಇಷ್ಟು. ಗಂಡ ಹೆಂಡತಿ ಇಬ್ಬರಿಗೂ ಕೆಲಸವಿದೆ, ಮನೆ ಸಾಲದ ಕಂತೂ ಇದೆ. ಇಬ್ಬರೂ ಅನಿಮೆ ಎಂಬ ಜಪಾನಿ ಕಾರ್ಟೂನ್, ಕಾಮಿಕ್ಸ್ ಹುಚ್ಚಿನವರು, ಪರಿಚಯವಾಗಿದ್ದೂ ಅದರಿಂದಲೇ. ಈ ಸಲ ಕಾಮಿಕ್ಸ್ ಅಭಿಮಾನಿಗಳ ಜಾತ್ರೆಯಾದ ಬೆಂಗಳೂರು ಕಾಮಿಕ್ ಕಾನ್‌ಗೆ ಹೋಗಿ, ನೆಚ್ಚಿನ ಪಾತ್ರದ ವೇಷ ತೊಡುವ ಕಾಸ್‌ಪ್ಲೇ ಸ್ಪರ್ಧೆಗೆ ನಿಲ್ಲಬೇಕೆಂದು ಗಂಡನ ಆಸೆ. ಇಬ್ಬರಿಗೆ ಎರಡು ದಿನಕ್ಕೆ 19,000 ರೂಪಾಯಿ ಆಗುತ್ತದಂತೆ. "ನಾನೊಬ್ಬನೇ ಹೋದರೆ ಖರ್ಚು ಇಳಿಯುತ್ತದೆ, ಅವಳೂ ಬೇಡ ಅಂದಿಲ್ಲ. ಏನು ಮಾಡಲಿ?"

ಪತ್ರದ ನಡುವೆ ಒಂದು ಸಾಲು ಸುಮ್ಮನೆ ಬಂದು ಹೋಗುತ್ತದೆ: "ಕವಚವನ್ನು ಹೆಂಡತಿಯೇ ಮಾಡಿಕೊಟ್ಟಳು." ಅಷ್ಟೇ. ಮುಂದಿನ ಸಾಲಿನಲ್ಲಿ ಹೋಟೆಲ್ ಬಾಡಿಗೆ.

ಸ್ವಾಮಿ, ವೇಷಕ್ಕೆ ಇವಿಎ ಫೋಮ್ ಎಂಬ ಹಗುರವಾದ ಮೆತ್ತನೆ ಹಾಳೆಯ ಕವಚ ಎಂದರೇನೆಂದು ನಿಮಗೆ ಗೊತ್ತು. ಅಳತೆ ಹಿಡಿದು ಕತ್ತರಿಸಬೇಕು, ಹೀಟ್ ಗನ್‌ನಲ್ಲಿ ಕಾಯಿಸಿ ಎದೆಯ ಆಕಾರಕ್ಕೆ ಬಾಗಿಸಬೇಕು. ಎರಡೂ ಅಂಚಿಗೆ ಅಂಟು ಹಚ್ಚಿ, ಅರೆ ಒಣಗುವವರೆಗೆ ಕಾದು, ಒಂದೇ ಸಲಕ್ಕೆ ಸರಿಯಾಗಿ ಒತ್ತಬೇಕು. ತಪ್ಪಿದರೆ ಆ ತುಂಡು ಹೋಯಿತು. ಆಫೀಸು ಮುಗಿಸಿ ಬಂದು, ಆ ಅಂಟಿನ ವಾಸನೆಯಲ್ಲಿ ಕೂತು ಇದನ್ನೆಲ್ಲ ಮಾಡಿದವರು ಮನೆಯಲ್ಲಿರಬೇಕೇ? ಬೆನ್ನಿನ ಬಕಲ್ ಅಲ್ಲಿ ಯಾರು ಹಾಕುತ್ತಾರೆ? ಭುಜದ ಪಟ್ಟಿ ಕಿತ್ತರೆ ಯಾವ ಜಾಗ ಅಂಟಿಸಬೇಕೆಂದು ಗೊತ್ತಿರುವುದು ಅವರಿಗೊಬ್ಬರಿಗೇ.

"ಬೇಡ ಅಂದಿಲ್ಲ" ಎಂಬುದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮನೆಯಲ್ಲಿ ಉಳಿತಾಯದ ಮಾತು ಬಂದಾಗ ಮೊದಲು ಯಾರ ಆಸೆಗೆ ಕತ್ತರಿ ಬೀಳುತ್ತದೆ ನೋಡಿ.

ನಿಮಗಿಂತ ಹೆಚ್ಚು ತಪ್ಪು ನಿಮ್ಮ ಪತ್ರದಲ್ಲಿ ಬರುವ ಆ ಗೆಳೆಯನದು. "ಹೆಂಗಸರು ಬಂದರೆ ಮಧ್ಯಾಹ್ನಕ್ಕೇ ಸುಸ್ತು ಅಂತಾರೆ, ನಾವು ಹುಡುಗರೇ ಹೋಗೋಣ" ಎಂದವನು. ನಿಮ್ಮ ದಾಂಪತ್ಯದ ಬಜೆಟ್ ಮಾಡಲು ಅವನು ಯಾರು? ಅವನ ಜೊತೆ ರೂಮು ಹಂಚಿಕೊಳ್ಳುವ ಯೋಚನೆ ಇವತ್ತೇ ಬಿಡಿ.

ಇನ್ನು ದುಡ್ಡು. ನಿಮ್ಮ ಪಟ್ಟಿಯಲ್ಲೇ ಹೋಟೆಲ್‌ಗೆ 6,000, ಸ್ಟಾಲ್‌ನಲ್ಲಿ ಕೊಳ್ಳುವ ಫಿಗರ್‌ಗೆ, ಅಂದರೆ ಪಾತ್ರದ ಬೊಂಬೆಗೆ, 5,500 ಇದೆ. ಎರಡನ್ನೂ ಹೊಡೆದುಹಾಕಿದರೆ ಉಳಿಯುವ ಖರ್ಚು 7,500, ಅದೂ ಎರಡು ದಿನದ ಲೆಕ್ಕ. ನೀವು ಒಂದೇ ದಿನ ಹೋಗಿ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋ ಕಾಮಿಕ್ ಕಾನ್ ನಡೆಯುವ ವೈಟ್‌ಫೀಲ್ಡ್‌ವರೆಗೂ ಹೋಗುತ್ತದೆ, ಕವಚದ ಚೀಲ ಹೊತ್ತು ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುವುದು ತಪ್ಪುತ್ತದೆ. ಅದೇ ರಾತ್ರಿ ವಾಪಸ್. ಮೈಕೈ ನೋಯುತ್ತದೆ, ನೋಯಲಿ. ಫಿಗರ್ ಮುಂದಿನ ವರ್ಷವೂ ಸಿಗುತ್ತದೆ.

ಮಾಡಬೇಕಾದ್ದು ಒಂದೇ. ಈ ರಾತ್ರಿ ಎರಡು ಟಿಕೆಟ್ ಬುಕ್ ಮಾಡಿ, ಮೊದಲ ಹೆಸರು ಅವರದು ಹಾಕಿ. ಸ್ಪರ್ಧೆಯಲ್ಲಿ ಕವಚ ಮಾಡಿದ್ದು ಯಾರೆಂದು ಕೇಳಿದರೆ, ಪಕ್ಕದಲ್ಲಿ ನಿಂತ ಅವರನ್ನೇ ಮುಂದಕ್ಕೆ ಕರೆಯಿರಿ.