ಹುಲಿ ಯಾಕೆ ಪೊದೆಯಲ್ಲಿ ಕರಗಿಹೋಗುತ್ತದೆ?

ಈ ಸಲದ ಅಂಚೆಯಲ್ಲಿ ಪ್ರಾಣಿಗಳ ಪೋರ್ಟ್ರೇಟನ್ನು ಕಪ್ಪು-ಬಿಳುಪು ಮಾಡುವ ಬಗ್ಗೆಯೇ ಜಾಸ್ತಿ ಪ್ರಶ್ನೆಗಳು. ಒಂದೇ ಥರದವನ್ನು ಒಟ್ಟಿಗೆ ಸೇರಿಸಿದ್ದೇನೆ. ಫೋಟೊ ಜೊತೆಗಿಟ್ಟು ಕಳಿಸಿದವರಿಗೆ ಥ್ಯಾಂಕ್ಸ್. ಫೋಟೊ ಇಲ್ಲದೆ ಬರೀ "ಚೆನ್ನಾಗಿ ಬರ್ತಿಲ್ಲ ಸಾರ್" ಅಂತ ಬರೆದವರಿಗೆ ನಾನಾದರೂ ಏನು ಹೇಳಲಿ!

ಪ್ರಶ್ನೆ: ಹಸಿರು ಪೊದೆಯ ಮುಂದೆ ಕೂತ ಹುಲಿ. ಬಣ್ಣದಲ್ಲಿ ಎದ್ದು ಕಾಣುತ್ತದೆ. ಸ್ಯಾಚುರೇಶನ್ ಪೂರ್ತಿ ಇಳಿಸಿದರೆ ಹುಲಿಯೂ ಪೊದೆಯೂ ಒಂದೇ ಬೂದುಬಣ್ಣ. ಕಾಂಟ್ರಾಸ್ಟ್ ಏರಿಸಿದರೂ ಬೇರೆ ಆಗುತ್ತಿಲ್ಲ.

ಉತ್ತರ: ಸ್ಯಾಚುರೇಶನ್ ಸ್ಲೈಡರ್ ಕೈಬಿಡಿ. ಅದು ಬಣ್ಣ ತೆಗೆಯುತ್ತದೆ ಅಷ್ಟೇ. ಯಾವ ಬಣ್ಣ ಎಷ್ಟು ಬೂದು ಆಗಬೇಕು ಅಂತ ನಿಮ್ಮನ್ನು ಕೇಳುವುದಿಲ್ಲ.

ಸ್ವಲ್ಪ ಲೆಕ್ಕ ನೋಡೋಣ, ಕಷ್ಟದ್ದೇನಲ್ಲ. ಬಣ್ಣವನ್ನು ಬೂದುಬಣ್ಣಕ್ಕೆ ತಿರುಗಿಸುವ ಒಂದು ಹಳೆಯ ಸೂತ್ರದಲ್ಲಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ಪಾಲು. ನಮ್ಮ ಕಣ್ಣಿಗೆ ಹಸಿರೇ ಹೆಚ್ಚು ಬೆಳ್ಳಗೆ ಕಾಣುವುದರಿಂದ ಅದಕ್ಕೆ ಸಿಂಹಪಾಲು. ಹುಲಿಯ ಮೈಬಣ್ಣ ಕೆಂಪು 200, ಹಸಿರು 120, ನೀಲಿ 50 ಅಂದುಕೊಳ್ಳಿ. ಗುಣಿಸಿ ಕೂಡಿದರೆ ಸುಮಾರು 136 ಬರುತ್ತದೆ. ಹಿಂದಿನ ಎಲೆ 110, 160, 60 ಇದ್ದರೆ? 134. ಸೊನ್ನೆಯಿಂದ 255ರ ತನಕದ ಅಳತೆಯಲ್ಲಿ ಎರಡೇ ಎರಡು ಮೆಟ್ಟಿಲ ಅಂತರ. ಇನ್ನು ಕಾಂಟ್ರಾಸ್ಟ್ ಏರಿಸಿ ಏನು ಬಂತು, ಎರಡೂ ಜೊತೆಯಾಗೇ ಏರುತ್ತವೆ, ಜೊತೆಯಾಗೇ ಇಳಿಯುತ್ತವೆ.

ಈಗ ಅದೇ ಅಂಕಿಗಳಲ್ಲಿ ಕೆಂಪನ್ನು ಮಾತ್ರ ನೋಡಿ. ಹುಲಿ 200, ಎಲೆ 110. ಹುಲಿ ತಾನಾಗಿಯೇ ಮುಂದೆ ಬಂತು, ಅಲ್ವಾ? ಫಿಲ್ಮ್ ಕಾಲದವರು ಲೆನ್ಸಿನ ಮುಂದೆ ಕಿತ್ತಳೆ, ಕೆಂಪು ಫಿಲ್ಟರ್ ಹಾಕುತ್ತಿದ್ದದ್ದೂ ಇಂಥ ಕಾರಣಕ್ಕೇ. ನಿಮಗೆ ಆ ಫಿಲ್ಟರ್ ಬದಲು ಬ್ಲಾಕ್ ಅಂಡ್ ವೈಟ್ ಮಿಕ್ಸರ್ ಇದೆ, ಅಂದರೆ ಯಾವ ಬಣ್ಣ ಎಷ್ಟು ಬೂದು ಆಗಬೇಕು ಅಂತ ನೀವೇ ಹೇಳುವ ಸ್ಲೈಡರ್‌ಗಳು. ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಎಂಟು ಬಣ್ಣಗಳ ಸ್ಲೈಡರ್ ಸಿಗುತ್ತವೆ. ಕಿತ್ತಳೆಯನ್ನು ಮೇಲೆ ತನ್ನಿ, ಹಸಿರನ್ನು ಕೆಳಗಿಳಿಸಿ. ಹಸಿರು ಇಳಿಸಿದರೂ ಪೊದೆ ಜಗ್ಗದಿದ್ದರೆ ಹಳದಿಯನ್ನು ಇಳಿಸಿ ನೋಡಿ. ಎಲೆ ನಮಗೆ ಹಸಿರಾಗಿ ಕಂಡರೂ ಸಾಫ್ಟ್‌ವೇರ್ ಅದರಲ್ಲಿ ಬೇಕಾದಷ್ಟು ಹಳದಿ ಕಾಣುತ್ತದೆ.

ಎಷ್ಟು ಏರಿಸಬೇಕು ಅನ್ನುವುದನ್ನು ಹುಲಿಯ ಮುಖವೇ ಹೇಳುತ್ತದೆ. ಕಣ್ಣಿನ ಮೇಲೆ ಮತ್ತು ಕೆನ್ನೆಯ ಮೇಲೆ ಬಿಳಿ ತೇಪೆ ಇರುತ್ತದಲ್ಲ, ಅದರ ಅಂಚನ್ನೇ ನೋಡುತ್ತಿರಿ. ಕಿತ್ತಳೆ ಜಾಸ್ತಿಯಾದಾಗ ಆ ಅಂಚು ಮೊದಲು ಅಳಿಸುತ್ತದೆ. ಅಳಿಸಲು ಶುರುವಾದ ಕೂಡಲೇ ಒಂದಿಷ್ಟು ಹಿಂದಕ್ಕೆ ಬನ್ನಿ. ಕೆಂಪು ಸ್ಲೈಡರಿಗೆ ಕೈ ಹಾಕಿದರೆ ಮೂಗಿನ ಮೇಲೂ ಕಣ್ಣಿರಲಿ. ಗುಲಾಬಿ ಮೂಗು ಸುಣ್ಣ ಬಳಿದ ಹಾಗೆ ಆಗಿಬಿಡುತ್ತದೆ.

ಹಿನ್ನೆಲೆ ಒಣಹುಲ್ಲಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಹುಲ್ಲೂ ಹುಲಿಯೂ ಒಂದೇ ಸ್ಲೈಡರಿಗೆ ಕುಣಿಯುತ್ತವೆ. ಆಗ ಹುಲಿಗೆ ಮಾಸ್ಕ್ ಹಾಕಿ (ಅಂದರೆ ಹುಲಿಯನ್ನು ಬೇರೆಯಾಗಿ ಗುರುತಿಸಿ) ಹಿನ್ನೆಲೆಯನ್ನು ಸ್ವಲ್ಪ ಇಳಿಸಬೇಕು. ಇಲ್ಲವೇ ಆ ಫೋಟೊವನ್ನು ಬಣ್ಣದಲ್ಲೇ ಬಿಡಿ. ನಾನಾಗಿದ್ದರೆ ಬಿಡುತ್ತಿದ್ದೆ.

ಪ್ರಶ್ನೆ: ಆನೆಯ ಚರ್ಮದ ಸುಕ್ಕು ಎದ್ದು ಕಾಣಲಿ ಅಂತ ಕ್ಲಾರಿಟಿ 100ಕ್ಕೆ ಒಯ್ದೆ. ಗೆಳೆಯರು "ಇದೇನು ಕಲ್ಲಾನೆ?" ಅಂತ ನಗುತ್ತಾರೆ.

ಉತ್ತರ: ಗೆಳೆಯರನ್ನು ಬಿಡಬೇಡಿ, ಒಳ್ಳೆಯ ಕಣ್ಣಿದೆ. ಕ್ಲಾರಿಟಿ ಮುಖ್ಯವಾಗಿ ನಡುವಿನ ಬೂದುಗಳ ಕಾಂಟ್ರಾಸ್ಟ್ ಹೆಚ್ಚಿಸುತ್ತದೆ. ಅತಿಯಾದರೆ ಕಿವಿ ಆಕಾಶಕ್ಕೆ ತಾಗುವ ಕಡೆ ಬಿಳಿ ಗೆರೆ ಮೂಡುತ್ತದೆ. ನಿಮ್ಮ ಫೋಟೊದ ಎಡಗಿವಿಯ ಅಂಚನ್ನು ದೊಡ್ಡದು ಮಾಡಿ ನೋಡಿ. ಇಪ್ಪತ್ತು ಮೂವತ್ತು ಸಾಕು, ಅದೂ ಬ್ರಷ್‌ನಿಂದ ಸೊಂಡಿಲ ಬುಡ ಮತ್ತು ಕಣ್ಣಿನ ಸುತ್ತ ಮಾತ್ರ. ಹೊಟ್ಟೆಯ ಭಾಗವನ್ನು ಸುಮ್ನೆ ಬಿಡಿ.

ಇನ್ನೊಂದು ವಿಷಯ. ಆನೆ ಮೊದಲೇ ಬೂದು, ಹಾಗಾಗಿ ಬಣ್ಣದ ಸ್ಲೈಡರ್‌ಗಳು ಅದರ ಚರ್ಮವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ಮೈಮೇಲೆ ಎರಚಿಕೊಂಡ ಕೆಂಪು ಮಣ್ಣನ್ನು ಚೆನ್ನಾಗಿಯೇ ಮುಟ್ಟುತ್ತವೆ. ಕಿತ್ತಳೆ ಇಳಿಸಿದರೆ ಮಣ್ಣು ಕಪ್ಪಾಗಿ, ತಲೆಯ ಉಬ್ಬು ತಗ್ಗು ಗಟ್ಟಿಯಾಗಿ ಕಾಣುತ್ತದೆ. ಕ್ಲಾರಿಟಿಯಿಂದ ಬಯಸಿದ್ದು ಎಷ್ಟೋ ಸಲ ಇಲ್ಲೇ ಸಿಗುತ್ತದೆ. ಕಣ್ಣಿನ ಕಂದುಬಣ್ಣವೂ ಅದೇ ಸ್ಲೈಡರಿನಲ್ಲಿ ಕಪ್ಪಾಗುತ್ತದೆ, ಅದನ್ನು ಬ್ರಷ್‌ನಿಂದ ಮೂರನೇ ಒಂದು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಎತ್ತಿ. ಕಣ್ಣಲ್ಲಿ ಮಿಂಚು ಇದ್ದರೆ ಕಾಪಾಡಿಕೊಳ್ಳಿ. ಇಲ್ಲದಿದ್ದರೆ ಬಿಳಿ ಚುಕ್ಕೆ ಇಡಲು ಹೋಗಬೇಡಿ.

ಪ್ರಶ್ನೆ: ಹಿನ್ನೆಲೆ ಪೂರ್ತಿ ಕಪ್ಪು ಮಾಡಿ ಚಿರತೆಯ ಮುಖ ಮಾತ್ರ ಉಳಿಸಿದ್ದೇನೆ. ಸ್ಪರ್ಧೆಯ ನೇಚರ್ ವಿಭಾಗಕ್ಕೆ ಕಳಿಸಬಹುದೇ? ಕಣ್ಣಿಗಷ್ಟೇ ಬಣ್ಣ ಉಳಿಸಿದರೆ?

ಉತ್ತರ: ಎರಡೂ ಬೇಡ. ಫಿಯಾಪ್ (ಅಂತಾರಾಷ್ಟ್ರೀಯ ಫೋಟೊಗ್ರಫಿ ಒಕ್ಕೂಟ), ಫೋಟೊಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ, ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಸೇರಿ ಒಪ್ಪಿಕೊಂಡ ನೇಚರ್ ವ್ಯಾಖ್ಯೆಯಲ್ಲಿ ಬಣ್ಣದ ಚಿತ್ರವನ್ನು ಪೂರ್ತಿ ಕಪ್ಪು-ಬಿಳುಪು ಮಾಡಲು ಅಡ್ಡಿಯಿಲ್ಲ. ಅರ್ಧ ಬಣ್ಣ, ಅರ್ಧ ಬೂದು ನಡೆಯುವುದಿಲ್ಲ. ಚಿತ್ರದಲ್ಲಿ ಇದ್ದದ್ದನ್ನು ಮರೆಮಾಚಲು ಕಪ್ಪು ಮಾಡುವುದು, ಎಡಿಟಿಂಗ್‌ನಲ್ಲಿ ವಿನ್ಯೆಟ್ (ಚಿತ್ರದ ಅಂಚುಗಳನ್ನು ಕಪ್ಪಾಗಿಸುವುದು) ಸೇರಿಸುವುದು, ಇವೆರಡನ್ನೂ ಅಮೆರಿಕದ ಸೊಸೈಟಿ ಹೆಸರು ಹಿಡಿದೇ ಬೇಡ ಅನ್ನುತ್ತದೆ. ಮುಖದ ಮೇಲೆ ಬಿಸಿಲು, ಹಿಂದೆ ದಟ್ಟ ನೆರಳು ಇದ್ದು, ತೆಗೆಯುವಾಗಲೇ ಎಕ್ಸ್‌ಪೋಷರ್ ಇಳಿಸಿ ಕಪ್ಪು ಪಡೆದಿದ್ದರೆ ಮಾತು ಬೇರೆ. ಹೇಗಿದ್ದರೂ ರಾ ಫೈಲ್ (ಕ್ಯಾಮೆರಾ ಹಿಡಿದ, ಸಂಸ್ಕರಿಸದ ಮೂಲ ಫೈಲ್) ಜೋಪಾನವಾಗಿರಲಿ, ತೀರ್ಪುಗಾರರು ಕೇಳಬಹುದು. ನಿಮ್ಮ ಚಿತ್ರವನ್ನು ಮೋನೊಕ್ರೋಮ್ ಓಪನ್ ವಿಭಾಗಕ್ಕೆ ಕಳಿಸಿ, ಆದರೆ ಕಣ್ಣಿನ ಬಣ್ಣ ತೆಗೆದೇ ಕಳಿಸಿ.

ನಿಜ ಹೇಳಬೇಕೆಂದರೆ ಈ ಕಪ್ಪು ಹಿನ್ನೆಲೆ ನನಗೆ ಸಾಕಾಗಿಹೋಗಿದೆ. ಚಿರತೆ ಕೂತ ಕೊಂಬೆಯನ್ನೂ ನುಂಗಿಬಿಟ್ಟರೆ ಅದು ಕಾಡಿನಲ್ಲಿತ್ತೋ ಸ್ಟುಡಿಯೋದಲ್ಲಿತ್ತೋ ಯಾರಿಗೆ ಗೊತ್ತು? ಪೂರ್ವ ಆಫ್ರಿಕಾದಲ್ಲಿ ನಿಕ್ ಬ್ರಾಂಟ್ ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. ಪೆಂಟ್ಯಾಕ್ಸ್ 67 ಫಿಲ್ಮ್ ಕ್ಯಾಮೆರಾ, ಟೆಲಿ ಲೆನ್ಸ್ ಇಲ್ಲ. ಹತ್ತಿರ ಹೋಗಿ ತೆಗೆದದ್ದರಿಂದ ಪ್ರಾಣಿಯ ಜೊತೆ ನೆಲವೂ ಮೋಡವೂ ಚಿತ್ರದೊಳಗೆ ಬಂದಿವೆ. ನೀವೂ ಹಾಗೆ ಹತ್ತಿರ ಹೋಗಿ ಅನ್ನುತ್ತಿಲ್ಲ, ಮಾರಾಯರೇ! ಕೊಂಬೆ ಉಳಿಸಿ ಅನ್ನುತ್ತಿದ್ದೇನೆ.

ಪ್ರಶ್ನೆ: ಕ್ಯಾಮೆರಾದಲ್ಲೇ ಮೋನೊಕ್ರೋಮ್ ಇಟ್ಟು ತೆಗೆಯಬಹುದೇ?

ಉತ್ತರ: ಧಾರಾಳವಾಗಿ, ರಾ ಫೈಲ್ ಉಳಿಸಿಕೊಳ್ಳುವುದಾದರೆ. ಪರದೆಯ ಮೇಲೆ ಬೂದು ಕಾಣುತ್ತದೆ, ಫೈಲಿನಲ್ಲಿ ಬಣ್ಣ ಹಾಗೇ ಇರುತ್ತದೆ. ಬರೀ ಜೆಪೆಗ್ ಆದರೆ ಬಣ್ಣ ಹೋಯಿತು, ಮಿಕ್ಸರಿಗೆ ಕೆಲಸವಿಲ್ಲ. ಜೊತೆಗೆ ಜೆಪೆಗ್‌ನಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ಮಸುಕಾದ ನುಣುಪು ಹಿನ್ನೆಲೆಯನ್ನು ಎಳೆದಾಡಿದಾಗ ಪಟ್ಟೆ ಪಟ್ಟೆಯಾಗಿ ಒಡೆಯುವುದು ಜೆಪೆಗ್ಗೇ.

ಪ್ರಶ್ನೆ: ಮುಸ್ಸಂಜೆ ತೆಗೆದ ಕರಡಿ, ಐಎಸ್‌ಒ 6400. ನಾಯ್ಸ್ (ಕಡಿಮೆ ಬೆಳಕಿನಲ್ಲಿ ಮೂಡುವ ಚುಕ್ಕೆ ಚುಕ್ಕೆ) ತೆಗೆಯಲೇಬೇಕೇ?

ಉತ್ತರ: ಕೆಂಪು ಹಸಿರು ಚುಕ್ಕೆಗಳ ನಾಯ್ಸ್ ಬಹುಪಾಲು ಬಣ್ಣದ ಜೊತೆಗೇ ಹೋಗುತ್ತದೆ. ಉಳಿದದ್ದು ಫಿಲ್ಮಿನ ಗ್ರೇನ್ ಥರ ಕಾಣುತ್ತದೆ, ಇರಲಿ ಬಿಡಿ. ಅದನ್ನು ಒರೆಸಲು ಹೋದರೆ ಕೂದಲೂ ಒರೆಸಿಹೋಗುತ್ತದೆ. ಮಿಕ್ಸರಿನ ನೀಲಿಯನ್ನು ಮಾತ್ರ ಜೋರಾಗಿ ಎಳೆಯಬೇಡಿ, ಹೋದ ಚುಕ್ಕೆಗಳೆಲ್ಲ ಬೂದಾಗಿ ವಾಪಸ್ ಬರುತ್ತವೆ.

ಪ್ರಶ್ನೆ: ಪರದೆಯಲ್ಲಿ ಚೆನ್ನಾಗಿದ್ದ ಕಾಡೆಮ್ಮೆ ಪ್ರಿಂಟ್‌ನಲ್ಲಿ ಬರೀ ಕಪ್ಪು ಗುಡ್ಡೆ.

ಉತ್ತರ: ಪರದೆಯ ಬೆಳಕು ಜಾಸ್ತಿ ಇಟ್ಟುಕೊಂಡಿದ್ದೀರಿ, ಮೊದಲು ಅದನ್ನು ಇಳಿಸಿ. ಮ್ಯಾಟ್ ಕಾಗದ ಹೊಳಪು ಕಾಗದದಷ್ಟು ಗಾಢ ಕಪ್ಪು ಕೊಡುವುದಿಲ್ಲ, ಹಾಗಾಗಿ ನೆರಳಿನ ಮೆಟ್ಟಿಲುಗಳು ಒಂದರ ಮೇಲೊಂದು ಬೀಳುತ್ತವೆ. ನಿಮ್ಮ ಕಾಗದದ ಪ್ರೊಫೈಲ್ ಹಾಕಿ ಸಾಫ್ಟ್ ಪ್ರೂಫ್ ನೋಡಿ (ಪ್ರಿಂಟ್ ಹೇಗೆ ಬರುತ್ತದೆ ಅಂತ ಪರದೆಯಲ್ಲೇ ತೋರಿಸುತ್ತದೆ), ಕುತ್ತಿಗೆ ಮತ್ತು ಭುಜದ ನೆರಳನ್ನು ಸ್ವಲ್ಪ ಎತ್ತಿ. ದೊಡ್ಡ ಕಾಗದ ಹಾಳು ಮಾಡುವ ಮೊದಲು ಆ ಭುಜದ ತುಂಡೊಂದನ್ನೇ ಚಿಕ್ಕದಾಗಿ ಪ್ರಿಂಟ್ ತೆಗೆದು, ಫೋಟೊ ತೂಗುಹಾಕುವ ಗೋಡೆಯ ಬೆಳಕಿನಲ್ಲೇ ಹಿಡಿದು ನೋಡಿ.